ಕಣದ ಮಾತು, ಕಡತದ ಮಾತು: ಕನ್ನಡದ ರಾಶಿವಾಚಕ ಮತ್ತು ಸಮೂಹವಾಚಕ ಪದಗಳು

ಬೆಂಗಳೂರಿನ ಉತ್ತರ ಭಾಗದಲ್ಲಿ, ವಿದ್ಯಾರಣ್ಯಪುರ ಮತ್ತು ಎಂ.ಎಸ್. ಪಾಳ್ಯಗಳಿಗೆ ಹೊಂದಿಕೊಂಡಂತೆ, ಯಲಹಂಕ ಸೀಮೆಗೆ ಸೇರಿದ ಸಿಂಗಾಪುರ ಎಂಬ ಊರಿದೆ. ಹೆಸರು ಕೇಳಿದೊಡನೆ ಕಡಲಾಚೆಯ ನಗರರಾಷ್ಟ್ರ ನೆನಪಾಗುವುದು ಸಹಜ. ಆದರೆ ಇದು ತನ್ನದೇ ಕೆರೆಯುಳ್ಳ ಬಯಲುಸೀಮೆಯ ಹಳ್ಳಿ. ಈಗ ಅದರ ಸುತ್ತ ಬಡಾವಣೆಗಳೂ ಬಹುಮಹಡಿ ವಸತಿ ಸಮುಚ್ಚಯಗಳೂ ಎದ್ದಿವೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಯಲಹಂಕ ನಗರಸಭೆಯೂ ಸುತ್ತಲಿನ ನೂರಕ್ಕೂ ಹೆಚ್ಚು ಹಳ್ಳಿಗಳೂ ನಗರದೊಳಗೆ ಬಂದವು. 2025ರಲ್ಲಿ ಆ ಪಾಲಿಕೆಯ ಸ್ಥಾನದಲ್ಲಿ ಐದು ನಗರಪಾಲಿಕೆಗಳು ಬಂದವು. ಆಡಳಿತದ ಗೆರೆಗಳು ಹೀಗೆ ಮತ್ತೆ ಮತ್ತೆ ಬದಲಾಗುವ ಮೊದಲು ಈ ಸೀಮೆಯ ವರ್ಷಕ್ಕೆ ಲೆಕ್ಕವಾಗಿದ್ದುದು ಮಳೆಯಾಶ್ರಯದ ರಾಗಿ. ಮುಂಗಾರಿನಲ್ಲಿ ಬಿತ್ತಿ, ಕಾರ್ತಿಕ ಮಾರ್ಗಶಿರಗಳ ವೇಳೆಗೆ ಕೊಯ್ದು, ಸಂಕ್ರಾಂತಿಯ ಆಸುಪಾಸಿನಲ್ಲಿ ಒಕ್ಕಣೆ ನಡೆಸುತ್ತಿದ್ದ ಈ ಬೆಳೆಯ ಸುತ್ತ ಒಂದು ಪದಸಮುದಾಯವೇ ಬೆಳೆದಿತ್ತು. ಕನ್ನಡದಲ್ಲಿ ವಸ್ತುಗಳ ರಾಶಿಗೂ ಜೀವಿಗಳ ಗುಂಪಿಗೂ ಇರುವ ಹೆಸರುಗಳ ಸ್ವರೂಪವನ್ನು ವಿಚಾರಿಸುವಾಗ ಆ ಪದಸಮುದಾಯದಿಂದಲೇ ತೊಡಗುವುದು ಉಚಿತ.

ಕುಡುಗೋಲು ಹಿಡಿದವರ ಎಡಗೈಗೆ ಒಮ್ಮೆಗೆ ದಕ್ಕುವ ಪೈರು ‘ಹಿಡಿ’. ಕೊಯ್ದ ಹಿಡಿಗಳನ್ನು ಕೂಳೆಯ ಮೇಲೆ ಸಾಲಾಗಿ ಒಣಗಲು ಹಾಕಿದಾಗ ಅದು ‘ಅರಿ’. ಒಣಗಿದ ಅರಿಗಳನ್ನು ಕೂಡಿಸಿ ಅದೇ ಹುಲ್ಲಿನ ಹುರಿಯಿಂದ ಬಿಗಿದರೆ ‘ಸಿವುಡು’. ತಲೆಯ ಮೇಲೆ ಹೊತ್ತು ಸಾಗಿಸುವಷ್ಟು ಸಿವುಡುಗಳು ಸೇರಿದರೆ ‘ಹೊರೆ’. ಗಾಡಿಗೆ ತುಂಬಿದರೆ ‘ಹೇರು’. ಕಣದ ಬದಿಯಲ್ಲಿ ತೆನೆಗಳು ಒಳಮುಖವಾಗಿರುವಂತೆ, ಮಳೆ ಇಳಿಯದಂತೆ, ಒಕ್ಕಣೆಯ ದಿನ ಬರುವವರೆಗೆ ಒಟ್ಟಿಟ್ಟದ್ದು ‘ಮೆದೆ’. ಮೆದೆಯನ್ನು ಕಿತ್ತು ಕಣದಲ್ಲಿ ಹರಡಿ, ರೋಣಗಲ್ಲು ಉರುಳಿಸಿ, ತೂರಿ, ಹೊಟ್ಟು ಹಾರಿಸಿ ಉಳಿದ ಕಾಳು ‘ರಾಶಿ’. ಕಾಳು ಕಳೆದುಕೊಂಡ ಹುಲ್ಲು ಮತ್ತೆ ಒಟ್ಟುಗೂಡಿ ‘ಬಣವೆ’ಯಾಗುತ್ತದೆ. ಆ ಹುಲ್ಲನ್ನು ದನ ತಿಂದು, ತಿಂದು ಉಳಿದ ಕಸವೂ ಸಗಣಿಯೂ ಊರಾಚೆಯ ‘ತಿಪ್ಪೆ’ ಸೇರಿ, ಮುಂದಿನ ಮುಂಗಾರಿಗೆ ಅದೇ ಹೊಲಕ್ಕೆ ಗೊಬ್ಬರವಾಗಿ ಮರಳುತ್ತದೆ. ಅಲ್ಲಿ ಗಾಡಿಯಿಂದ ಇಳಿಸಿ ಹೊಲದ ತುಂಬ ಸಮ ಅಂತರದಲ್ಲಿ ಹಾಕುವ ಗೊಬ್ಬರದ ಪುಟ್ಟ ಪುಟ್ಟ ಒಟ್ಟಿಲುಗಳಿಗೆ ‘ಗುಪ್ಪೆ’ ಅಥವಾ ‘ಕುಪ್ಪೆ’ ಎಂಬ ಹೆಸರುಂಟು.

ಇವು ಪರ್ಯಾಯ ಪದಗಳಲ್ಲ. ಒಂದೇ ಪೈರು ಹೊಲದಿಂದ ಹೊರಟು ಹೊಲಕ್ಕೆ ಹಿಂತಿರುಗುವ ದಾರಿಯಲ್ಲಿ ಪಡೆಯುವ ಬೇರೆ ಬೇರೆ ಅವಸ್ಥೆಗಳ ಹೆಸರುಗಳು. ಮೆದೆ ಎಂದಾಗ ತೆನೆಯಲ್ಲಿ ಕಾಳಿದೆ ಎಂದರ್ಥ. ಬಣವೆ ಎಂದಾಗ ಕಾಳಿಲ್ಲ. ಮೆದೆಗೆ ಬೆಂಕಿ ಬಿದ್ದರೆ ಮನೆಯವರ ವರ್ಷದ ಅನ್ನ ಹೋಗುತ್ತದೆ. ಬಣವೆಗೆ ಬಿದ್ದರೆ ದನಗಳ ಮೇವು ಹೋಗುತ್ತದೆ. ಎರಡನ್ನೂ ‘ಹುಲ್ಲಿನ ರಾಶಿ’ ಎಂದು ವರದಿ ಮಾಡಿದರೆ ಆದ ನಷ್ಟವೇನೆಂಬುದು ಓದುಗನಿಗೆ ತಿಳಿಯುವುದಿಲ್ಲ. ಈ ವ್ಯತ್ಯಾಸ ನಾಡಿನ ಎಲ್ಲೆಡೆ ಇದೇ ರೂಪದಲ್ಲಿ ಇಲ್ಲವೆಂಬುದು ನಿಜ. ಭತ್ತದ ಸೀಮೆಯ ಹಲವೆಡೆ ಒಕ್ಕಿದ ಹುಲ್ಲಿನ ಒಟ್ಟಿಲಿಗೂ ಮೆದೆ ಎಂದೇ ಹೆಸರು. ಮಲೆನಾಡಿನಲ್ಲಿ ಅದೇ ವಸ್ತು ‘ಗೊಣಬೆ’, ಕರಾವಳಿಯ ಕುಂದಾಪುರದ ಕಡೆ ‘ಕುತ್ರಿ’, ಉತ್ತರ ಕರ್ನಾಟಕದಲ್ಲಿ ‘ಬಣವಿ’. ಪದ ಬದಲಾದರೂ, ಕಾಳಿರುವ ಒಟ್ಟಿಲನ್ನೂ ಕಾಳು ಕಳೆದ ಒಟ್ಟಿಲನ್ನೂ ಬೇರ್ಪಡಿಸುವ ಅಗತ್ಯ ಮಾತ್ರ ಎಲ್ಲ ಬೇಸಾಯಗಾರರದೂ ಆಗಿದೆ.

ಇನ್ನೊಂದು ಕಡೆ ಶಾಲೆಯ ವ್ಯಾಕರಣ ಪುಸ್ತಕಗಳಲ್ಲಿ ಸಮೂಹವಾಚಕಗಳ ಪಾಠವಿದೆ. ದನಗಳ ಹಿಂಡು, ಕುರಿಗಳ ಮಂದೆ, ಸೈನಿಕರ ಪಡೆ, ಮರಗಳ ತೋಪು, ದ್ರಾಕ್ಷಿಯ ಗೊಂಚಲು, ಬಾಳೆಯ ಗೊನೆ, ಕಲ್ಲುಗಳ ರಾಶಿ ಎಂದು ಜೋಡಿಗಳನ್ನು ಕೊಟ್ಟು, ಪರೀಕ್ಷೆಯಲ್ಲಿ ಹೊಂದಿಸಿ ಬರೆಯಲು ಹೇಳಲಾಗುತ್ತದೆ. ಈ ಪಟ್ಟಿಯ ಮಾದರಿ ಇಂಗ್ಲಿಷ್ ವ್ಯಾಕರಣದ್ದು. ಇಂಗ್ಲಿಷಿನಲ್ಲಿ ಇಂಥ ಜೋಡಿಗಳಿಗೆ ಒಂದು ಇತಿಹಾಸವಿದೆ. 1486ರಲ್ಲಿ ಅಚ್ಚಾದ ‘ಸೇಂಟ್ ಆಲ್ಬನ್ಸ್ ಪುಸ್ತಕ’ವೆಂದು ಪ್ರಸಿದ್ಧವಾದ ಗ್ರಂಥದಲ್ಲಿ ಬೇಟೆ, ಡೇಗೆ ಸಾಕಣೆ ಮೊದಲಾದ ಕುಲೀನರ ವಿದ್ಯೆಗಳೊಡನೆ ಮೃಗಪಕ್ಷಿಗಳ ಗುಂಪುಗಳಿಗೆ ಹೇಳಬೇಕಾದ ಹೆಸರುಗಳ ದೀರ್ಘ ಪಟ್ಟಿಯೂ ಇದೆ. ಸಿಂಹಗಳ ಗುಂಪಿಗೆ ಗರ್ವವೆಂದೂ ಕಾಗೆಗಳ ಗುಂಪಿಗೆ ಕೊಲೆಯೆಂದೂ ಅರ್ಥ ಬರುವ ಪದಗಳು ಅದರಲ್ಲಿವೆ. ಸರಿಯಾದ ಪದ ಬಲ್ಲವನು ಕುಲೀನ, ತಿಳಿಯದವನು ಅಲ್ಲ ಎಂಬ ಭಾವನೆ ಅದರ ಹಿಂದಿದ್ದಂತೆ ತೋರುತ್ತದೆ. ಪಟ್ಟಿಯ ಕೆಲವು ಪದಗಳಂತೂ ಬರಿಯ ವಿನೋದಕ್ಕೆ ಹುಟ್ಟಿದವು. ಅಲ್ಲಿ ಪದವನ್ನು ನಿರ್ಧರಿಸುವುದು ಪ್ರಾಣಿಯ ಜಾತಿ.

ಸಂಸ್ಕೃತ ನಿಘಂಟುಕಾರರಿಗೂ ಈ ಬಗೆಯ ಆಸಕ್ತಿ ಇತ್ತು. ಅಮರಸಿಂಹನು ತನ್ನ ಕೋಶದ ಸಿಂಹಾದಿವರ್ಗದ ಕೊನೆಯಲ್ಲಿ ಸಮೂಹವಾಚಕಗಳನ್ನು ಒಂದೆಡೆ ತಂದಿದ್ದಾನೆ. ಪಾರಿವಾಳಗಳ ಗುಂಪು ಕಾಪೋತ, ಗಿಳಿಗಳದು ಶೌಕ, ನವಿಲುಗಳದು ಮಾಯೂರ ಎಂದು ಪಕ್ಷಿಯ ಹೆಸರಿನಿಂದಲೇ ಸಾಧಿತವಾದ ರೂಪಗಳು ಅಲ್ಲಿವೆ. ಪಶುಗಳ ಗುಂಪು ‘ಸಮಜ’, ಉಳಿದವರ ಗುಂಪು ‘ಸಮಾಜ’ ಎಂಬ ಸೂಕ್ಷ್ಮ ಭೇದವೂ ಇದೆ. ಒಂದು ದೀರ್ಘಸ್ವರದಷ್ಟೇ ಅಂತರ! ಕನ್ನಡದ ಚಂಪೂಕವಿಗಳು ನಿಕರ, ವೃಂದ, ಸಂಕುಲ, ಸ್ತೋಮ, ನಿಚಯ ಮೊದಲಾದ ಸಂಸ್ಕೃತ ಪದಗಳನ್ನು ಛಂದಸ್ಸಿನ ಅನುಕೂಲಕ್ಕೆ ಧಾರಾಳವಾಗಿ ಬಳಸಿದರು. ಅವುಗಳಲ್ಲಿ ಹೆಚ್ಚಿನವು ಆಡುಮಾತಿಗೆ ಇಳಿಯಲೇ ಇಲ್ಲ.

ದೇಸಿಯ ಪದಗಳ ಹಾದಿ ಬೇರೆ. ಇವು ಬಹುಮಟ್ಟಿಗೆ ಕ್ರಿಯೆಯಿಂದ ಹುಟ್ಟಿದವು. ಹೊರುವುದರಿಂದ ಹೊರೆ, ಹೇರುವುದರಿಂದ ಹೇರು, ಹಿಡಿಯುವುದರಿಂದ ಹಿಡಿ, ಕಟ್ಟುವುದರಿಂದ ಕಟ್ಟು, ಒಟ್ಟುವುದರಿಂದ ಒಟ್ಟಿಲು, ಕೂಡುವುದರಿಂದ ಕೂಟ, ನೆರೆಯುವುದರಿಂದ ನೆರವಿ. ತುಳುನಾಡಿನಲ್ಲಿ ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ ಬಿಗಿದ ಉಂಡೆಗೆ ‘ಮುಡಿ’ ಎಂಬ ಹೆಸರು ಬಂದುದು ಮುಡಿಯುವ, ಎಂದರೆ ಕಟ್ಟುವ ಕೆಲಸದಿಂದಲೇ. ವಸ್ತು ಯಾವುದೆಂಬುದು ಇಲ್ಲಿ ಎರಡನೆಯ ಪ್ರಶ್ನೆ. ಅದು ಹೇಗೆ ಒಂದಾಯಿತು, ಯಾರ ಕೈಯಿಂದ, ಯಾವ ಉದ್ದೇಶಕ್ಕೆ ಎಂಬುದು ಮೊದಲನೆಯದು. ಹೊರೆ ಸೌದೆಯದಾಗಲಿ ಹುಲ್ಲಿನದಾಗಲಿ ಸೊಪ್ಪಿನದಾಗಲಿ ಹೊರೆಯೇ. ಆದರೆ ಅದೇ ಸೌದೆಯನ್ನು ಹಿತ್ತಿಲಲ್ಲಿ ಒಟ್ಟಿದ ಮೇಲೆ ಅದು ಹೊರೆಯಲ್ಲ. ಕುಂಬಾರನ ಮನೆಯಲ್ಲೂ ಅಡುಗೆಮನೆಯ ಮೂಲೆಯಲ್ಲೂ ಒಂದರ ಮೇಲೊಂದು ಕೂರಿಸಿದ ಮಡಕೆಗಳ ಸಾಲು ‘ಅಡಕಲು’. ಅದನ್ನು ರಾಶಿ ಎಂದರೆ ಮಡಕೆ ಒಡೆದು ಬಿದ್ದಿವೆಯೇ ಎಂದು ಕೇಳುವಂತಾಗುತ್ತದೆ.

ಲೆಕ್ಕದ ಭಾಷೆಯೂ ಇದೇ ಮೂಲದಿಂದ ಬಂದಿದೆ ಎಂಬುದು ಗಮನಾರ್ಹ. ಇಂದು ಸಂಕಲನದ ಫಲಕ್ಕೆ ಬಳಸುವ ‘ಒಟ್ಟು’ ಮತ್ತು ‘ಮೊತ್ತ’ ಎರಡೂ ಹಿಂದೆ ರಾಶಿಯನ್ನೂ ಗುಂಪನ್ನೂ ಸೂಚಿಸುತ್ತಿದ್ದ ಪದಗಳು. ಬಡ್ಡಿಗೆ ಎದುರಾಗಿ ನಿಲ್ಲುವ ಅಸಲಿಗೆ ‘ಗಂಟು’ ಎನ್ನುವುದು, ಒಂದೇ ಬಾರಿಗೆ ಕೊಡುವ ಹಣಕ್ಕೆ ‘ಇಡಿಗಂಟು’ ಎನ್ನುವುದು ಬಟ್ಟೆಯಲ್ಲಿ ಕಟ್ಟಿಟ್ಟ ನಾಣ್ಯಗಳ ನೆನಪು.

ಈ ಪದಗಳ ವ್ಯಾಕರಣದಲ್ಲಿ ಒಂದು ವಿಶೇಷವಿದೆ; ಶಾಲೆಯ ಪಟ್ಟಿಗಳು ಮುಚ್ಚಿಹಾಕುವುದು ಇದನ್ನೇ. ‘ಹುಲ್ಲಿನ ಹೊರೆ’ ಎಂಬುದೂ ‘ಒಂದು ಹೊರೆ ಹುಲ್ಲು’ ಎಂಬುದೂ ಕನ್ನಡದಲ್ಲಿ ಬೇರೆ ಬೇರೆ. ಮೊದಲನೆಯದರಲ್ಲಿ ಹೊರೆ ಕಣ್ಣೆದುರಿನ ವಸ್ತು. ಅದನ್ನು ಎತ್ತಬಹುದು, ಇಳಿಸಬಹುದು. ಎರಡನೆಯದರಲ್ಲಿ ಹೊರೆ ಅಳತೆ. ಮಾತು ಹುಲ್ಲಿನ ಬಗ್ಗೆ. ‘ಎರಡು ಬಣವೆ ಹುಲ್ಲಿದೆ’ ಎಂದ ರೈತನು ಬೇಸಿಗೆ ಕಳೆಯಲು ಮೇವು ಸಾಕೆಂದು ಹೇಳುತ್ತಿದ್ದಾನೆ, ಬಣವೆಗಳ ಅಂದವನ್ನಲ್ಲ. ಷಷ್ಠೀ ವಿಭಕ್ತಿಯಿಲ್ಲದೆ, ಬಹುವಚನ ಪ್ರತ್ಯಯವಿಲ್ಲದೆ, ಸಂಖ್ಯೆಗೂ ವಸ್ತುವಿಗೂ ನಡುವೆ ನಿಲ್ಲುವ ಈ ಸ್ಥಾನ ಎಲ್ಲ ಸಮೂಹವಾಚಕಗಳಿಗೂ ಸಲ್ಲದು. ಒಂದು ಹಿಂಡು ಕುರಿ, ಒಂದು ಗುಂಪು ಜನ, ಎರಡು ಗೊನೆ ಬಾಳೆ, ಮೂರು ಚಿಪ್ಪು ಹಣ್ಣು, ನಾಲ್ಕು ಮೊಳ ಹೂವು ಎನ್ನಬಹುದು. ಆದರೆ ‘ಎರಡು ತೋಪು ಮಾವು’ ಎಂದು ಯಾರೂ ಹೇಳುವುದಿಲ್ಲ. ತೋಪು ಅಳತೆಯಲ್ಲ, ಸ್ಥಳ. ಇಂಗ್ಲಿಷಿನಲ್ಲಿ ಈ ಎರಡು ಅರ್ಥಗಳಿಗೂ ಒಂದೇ ವಾಕ್ಯರಚನೆ ಸಾಲುವುದರಿಂದ, ಅಲ್ಲಿಂದ ಕನ್ನಡಿಸುವವರು ‘ಜನರ ಒಂದು ಗುಂಪು’, ‘ಹುಲ್ಲಿನ ಎರಡು ಹೊರೆಗಳು’ ಎಂದು ಬರೆಯುವ ರೂಢಿ ಬೆಳೆದಿದೆ. ತಪ್ಪೆಂದು ಹೇಳಲಾಗದ, ಆದರೆ ಕಣದಲ್ಲಿ ಯಾರ ಬಾಯಲ್ಲೂ ಬಾರದ ಕನ್ನಡ ಅದು.

ಇಷ್ಟೆಲ್ಲ ಪದಗಳ ನಡುವೆ ‘ರಾಶಿ’ಗೆ ವಿಶೇಷ ಸ್ಥಾನವಿದೆ. ಪದ ಸಂಸ್ಕೃತದ್ದಾದರೂ ಅದು ಕಣದ ಒಡತಿಯಾಗಿ ನಿಂತಿತು. ತೂರಿ ಶುದ್ಧವಾದ ಕಾಳಿಗೆ ಮಾತ್ರ ಆ ಹೆಸರು. ಅದರ ನೆತ್ತಿಯ ಮೇಲೆ ಸಗಣಿಯ ಬೆನಕನನ್ನಿಟ್ಟು, ಹೂವೇರಿಸಿ, ಪೂಜಿಸಿದ ಮೇಲೆಯೇ ಅಳತೆ. ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎನ್ನುವುದು ರೂಢಿ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ರಾಶಿ ಒಬ್ಬನದಾಗಿರಲಿಲ್ಲ ಎಂಬುದು ಮುಖ್ಯವಾದ ಸಂಗತಿ. 1800ರಲ್ಲಿ ಮೈಸೂರು ಸೀಮೆಯ ಪ್ರವಾಸ ಕೈಗೊಂಡ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ, ರಾಶಿಯನ್ನು ಸರ್ಕಾರವೂ ರೈತನೂ ಹಂಚಿಕೊಳ್ಳುವ ಮೊದಲು ದೇವರು, ಪುರೋಹಿತ ಮತ್ತು ಊರ ಕಸುಬುದಾರರಿಗೆ ಅದರಿಂದ ಸಲ್ಲುತ್ತಿದ್ದ ಪಾಲುಗಳನ್ನು ದಾಖಲಿಸಿದ್ದಾನೆ. ಕಮ್ಮಾರ, ಬಡಗಿ, ಕುಂಬಾರ, ಅಗಸ, ತಳವಾರ, ತೋಟಿ ಮೊದಲಾದ ಆಯಗಾರರ ವರ್ಷದ ದುಡಿಮೆಗೆ ಪ್ರತಿಫಲ ಸಿಗುತ್ತಿದ್ದುದು ಈ ಕಣದಲ್ಲಿಯೇ. ಕಾಳು ರಾಶಿಯಾಗಿ ನಿಂತಿರುವಷ್ಟು ಹೊತ್ತು ಊರಿಗೆ ಸೇರಿದ್ದು; ಮೂಟೆಯಾದ ಮೇಲೆ ಮನೆಗೆ ಸೇರಿದ್ದು. ಆ ಪಾಲುಗಳು ಸಮವಾಗಿರಲಿಲ್ಲ, ಜಾತಿಯ ಏಣಿಯ ಕೊನೆಯ ಮೆಟ್ಟಿಲಲ್ಲಿದ್ದವರಿಗೆ ಕಣ ಗುಡಿಸಿದ ಮಣ್ಣುಗಾಳೇ ಗತಿಯಾಗಿದ್ದುದೂ ಉಂಟು ಎಂಬುದನ್ನು ಮರೆತು ಕಣದ ಸಂಸ್ಕೃತಿಯನ್ನು ಕೊಂಡಾಡುವುದು ಸರಿಯಲ್ಲ.

ರಾಶಿಯನ್ನು ಅಳೆಯದೆಯೇ ಅದರ ಪ್ರಮಾಣ ತಿಳಿಯುವ ಉಪಾಯವನ್ನು ಗಣಿತಜ್ಞರು ಕಂಡುಕೊಂಡಿದ್ದರು. 1150ರ ‘ಲೀಲಾವತಿ’ಯಲ್ಲಿ ಭಾಸ್ಕರಾಚಾರ್ಯನು ‘ರಾಶಿವ್ಯವಹಾರ’ವೆಂಬ ಪ್ರತ್ಯೇಕ ಪ್ರಕರಣವನ್ನೇ ಇರಿಸಿದ್ದಾನೆ. ಸಮನೆಲದ ಮೇಲೆ ಸುರಿದ ಧಾನ್ಯ ತನ್ನಷ್ಟಕ್ಕೆ ಶಂಕುವಿನ ಆಕಾರ ತಾಳುತ್ತದೆ. ಅದರ ಎತ್ತರವು ದಪ್ಪ ಕಾಳಾದರೆ ಸುತ್ತಳತೆಯ ಹತ್ತನೆಯ ಒಂದು ಭಾಗ, ಸಣ್ಣ ಕಾಳಾದರೆ ಹನ್ನೊಂದನೆಯ ಒಂದು ಭಾಗ, ಮುಳ್ಳುಳ್ಳ ಧಾನ್ಯವಾದರೆ ಒಂಬತ್ತನೆಯ ಒಂದು ಭಾಗ. ಸುತ್ತಳತೆಯ ಆರನೆಯ ಒಂದು ಭಾಗವನ್ನು ವರ್ಗಮಾಡಿ ಎತ್ತರದಿಂದ ಗುಣಿಸಿದರೆ ಘನಫಲ. ಸುತ್ತಳತೆ 60 ಮೊಳವಿರುವ ದಪ್ಪ ಕಾಳಿನ ರಾಶಿಯ ಎತ್ತರ 6 ಮೊಳ, ಘನಫಲ 600 ಘನಮೊಳ. ಅದೇ ಸುತ್ತಳತೆಯ ಸಣ್ಣ ಕಾಳಿನ ರಾಶಿ ಸುಮಾರು 545 ಘನಮೊಳ. ಮುಳ್ಳುಳ್ಳದ್ದು ಸುಮಾರು 667. ನುಣುಪಾದ ಸಣ್ಣ ಕಾಳು ಹೆಚ್ಚು ಜಾರಿ ಹರಡುತ್ತದೆ, ಮುಳ್ಳಿನ ಕಾಳು ಒಂದಕ್ಕೊಂದು ಸಿಕ್ಕಿಕೊಂಡು ಎತ್ತರಕ್ಕೆ ನಿಲ್ಲುತ್ತದೆ ಎಂಬ ಕಣದ ಅನುಭವವೇ ಇಲ್ಲಿ ಸೂತ್ರವಾಗಿದೆ. ಒಂದು ಹಗ್ಗವಿದ್ದರೆ ಸಾಕು, ಕೊಳಗ ಬೇಡ. ತೆರಿಗೆಯ ಅಧಿಕಾರಿಗೂ ರೈತನಿಗೂ ಇದರ ಪ್ರಯೋಜನ ಸಮಾನವಾಗಿತ್ತೆಂದು ಊಹಿಸಬಹುದು.

ಈ ಪದದ ಮುಂದಿನ ಚರಿತ್ರೆ ನಾಡಿನ ಭಾಗಕ್ಕೊಂದು ರೀತಿಯಾಗಿದೆ. ಉತ್ತರ ಕರ್ನಾಟಕದಲ್ಲಿ ‘ರಾಶಿ ಮಾಡುವುದು’ ಎಂದರೆ ಒಕ್ಕಣೆಯೇ, ಪದಾರ್ಥ ಕ್ರಿಯೆಯಾಯಿತು. ಶಿರಸಿ ಸೀಮೆಯ ಹವ್ಯಕರ ಮಾತಿನಲ್ಲಿ ‘ರಾಶಿ’ ಎಂದರೆ ಬಹಳ. ಅಲ್ಲಿ ಅದು ವಿಶೇಷಣದ ವಿಶೇಷಣ. ಅಡಿಕೆಯ ಮಾರುಕಟ್ಟೆಯಲ್ಲಿ ಅದೊಂದು ದರ್ಜೆಯ ಹೆಸರು. ಜ್ಯೋತಿಷ್ಯದ ಹನ್ನೆರಡು ರಾಶಿಗಳೂ ಲೆಕ್ಕದ ತ್ರೈರಾಶಿಕವೂ ಎಲ್ಲರಿಗೂ ತಿಳಿದವು. ಬೆಂಗಳೂರಿನಲ್ಲಿ ಮಾತ್ರ ಈ ಪದಕ್ಕೆ ವಿಚಿತ್ರವಾದ ಗತಿ ಒದಗಿದೆ. ದಿನಪತ್ರಿಕೆಗಳಲ್ಲಿ ಇಂದು ‘ರಾಶಿ’ಯ ಹಿಂದೆ ಹೆಚ್ಚಾಗಿ ಕಾಣುವ ಪದ ‘ಕಸದ’. ಕಸಕ್ಕೆ ಭಾಷೆಯಲ್ಲಿ ತಿಪ್ಪೆ ಎಂಬ ಪದವಿತ್ತು. ಆದರೆ ತಿಪ್ಪೆ ಕೊಳೆತು ಗೊಬ್ಬರವಾಗುವ ವಸ್ತು. ಪ್ಲಾಸ್ಟಿಕ್ ತುಂಬಿದ ನಗರದ ಕಸ ಎಂದೂ ಗೊಬ್ಬರವಾಗದು. ಜನ ತಿಪ್ಪೆಯನ್ನು ಬಿಟ್ಟು ರಾಶಿಯನ್ನು ಎತ್ತಿಕೊಂಡದ್ದು ಅಜ್ಞಾನದಿಂದಲ್ಲ. ತಿಪ್ಪೆಗೆ ಅಷ್ಟಾದರೂ ಮರ್ಯಾದೆ ಉಳಿಸಿದರು ಎನ್ನಬೇಕು.

‘ಗುಡ್ಡೆ’ಯ ಕಥೆ ಇದಕ್ಕೆ ವಿರುದ್ಧವಾದುದು. ದಕ್ಷಿಣ ಕನ್ನಡ ಮತ್ತು ಕಾಸರಗೋಡಿನ ಕಡೆ ಗುಡ್ಡೆಯೆಂದರೆ ನೆಲದ ಮೇಲಿನ ದಿಣ್ಣೆ, ಸಣ್ಣ ಬೆಟ್ಟ. ಬೆಂಗಳೂರು ಸೀಮೆಯಲ್ಲಿ ಅದು ಮನುಷ್ಯ ಕೈಯಾರೆ ಕೂಡಿಸಿದ ಪುಟ್ಟ ಒಟ್ಟಿಲು. 1956ರ ಕಾನೂನಿನ ಬಳಿಕ ದೇಶದಲ್ಲಿ ಮೆಟ್ರಿಕ್ ತೂಕ ಅಳತೆಗಳು ಜಾರಿಗೆ ಬಂದು ಕೊಳಗ, ಸೇರು, ಮಣಗಳು ಕಾನೂನಿನ ಮಾನ್ಯತೆ ಕಳೆದುಕೊಂಡವು. ಆದರೆ ಸಂತೆಯ ನೆಲದ ಮೇಲೆ ಗೋಣಿ ಹಾಸಿ ಕುಳಿತ ಹೆಂಗಸು ಬದನೆ, ಟೊಮೆಟೊ, ನಿಂಬೆಗಳನ್ನು ಇಂದಿಗೂ ಗುಡ್ಡೆ ಹಾಕಿ ಮಾರುತ್ತಾಳೆ. ಯಶವಂತಪುರದ ಕೃಷಿ ಉತ್ಪನ್ನ ಮಾರುಕಟ್ಟೆಗೆ ಮೂಟೆಗಳಲ್ಲಿ ಬಂದು ಕ್ವಿಂಟಾಲಿನ ಲೆಕ್ಕದಲ್ಲಿ ಹರಾಜಾದ ಈರುಳ್ಳಿಯೇ ಯಲಹಂಕದ ಬೀದಿಗೆ ಬರುವಷ್ಟರಲ್ಲಿ ಗುಡ್ಡೆಯಾಗಿರುತ್ತದೆ. ಗುಡ್ಡೆಗೆ ತೂಕವಿಲ್ಲ, ಬೆಲೆಯಿದೆ. ಬೆಲೆ ಏರಿದಾಗ ಸಾಮಾನ್ಯವಾಗಿ ಹಣ ಬದಲಾಗುವುದಿಲ್ಲ, ಗುಡ್ಡೆ ಕುಗ್ಗುತ್ತದೆ. ಕೊನೆಗೆ ಕೊಳ್ಳುವವರ ಒತ್ತಾಯಕ್ಕೆ ಒಂದೆರಡು ಕಾಯಿ ‘ಕೊಸರು’ ಬೀಳುತ್ತದೆ.

ಇದೇ ಪದ ಯುಗಾದಿಯ ಮರುದಿನದ ವರ್ಷತೊಡಕಿನಲ್ಲಿ ಇನ್ನೂ ಗಂಭೀರವಾದ ಕೆಲಸ ಮಾಡುತ್ತದೆ. ಬೆಂಗಳೂರು ಗ್ರಾಮಾಂತರ, ರಾಮನಗರ, ಮಂಡ್ಯ ಸೀಮೆಗಳ ಹಳ್ಳಿಗಳಲ್ಲಿ ಹಲವು ಮನೆಯವರು ಕೂಡಿ ಕುರಿ ಮೇಕೆಗಳನ್ನು ಕೊಂಡು, ಕೊಯ್ದು, ಮಾಂಸವನ್ನು ‘ಗುಡ್ಡೆ’ ಮಾಡಿ ಹಂಚಿಕೊಳ್ಳುತ್ತಾರೆ. ತೊಡೆ, ಎದೆ, ಈಲಿ, ಬೋಟಿ, ಎಲುಬು ಎಲ್ಲವೂ ಎಲ್ಲ ಗುಡ್ಡೆಗಳಿಗೂ ಬೀಳಬೇಕು. ಯಾವ ಗುಡ್ಡೆಯನ್ನು ಯಾರು ಎತ್ತಿದರೂ ತಕರಾರು ಬರಬಾರದು. ತಕ್ಕಡಿಯಿಂದ ತೂಗಿದರೆ ತೂಕ ಸಮನಾಗುತ್ತದೆ, ಪಾಲು ಸಮನಾಗುವುದಿಲ್ಲ. ಗುಡ್ಡೆ ಮಾಡುವವನ ಕಣ್ಣಿನ ಮೇಲೆ ಊರು ಇಡುವ ನಂಬಿಕೆ ಆ ಪದದಲ್ಲಿದೆ. ‘ಗುಡ್ಡೆ ಬಾಡು’ ಎಂಬ ಫಲಕಗಳು ಈಗ ನಗರದ ಅಂಗಡಿಗಳಲ್ಲಿಯೂ ಕಾಣಿಸುತ್ತಿವೆ.

ಜೀವಿಗಳ ಗುಂಪುಗಳಿಗೆ ಬಂದರೆ, ಅಲ್ಲಿಯೂ ಶಾಲೆಯ ಪಟ್ಟಿ ಹೇಳುವಷ್ಟು ಕಟ್ಟುನಿಟ್ಟಿಲ್ಲ. ‘ಹಿಂಡು’ ಆನೆಯದೂ ಹೌದು, ದನದ್ದೂ ಹೌದು, ಕುರಿಯದೂ ಹಕ್ಕಿಯದೂ ಹೌದು. ಹಳಗನ್ನಡದಲ್ಲಿ ಇದು ‘ಪಿಂಡು’. ಗಿಳಿ ಎಂಬುದರೊಡನೆ ಸಮಾಸವಾದಾಗ ಪಕಾರಕ್ಕೆ ವಕಾರ ಆದೇಶವಾಗಿ ‘ಗಿಳಿವಿಂಡು’ ಆಗುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನ ವ್ಯಾಕರಣ ಬಲ್ಲವರಿಗೆ ಇದು ಪರಿಚಿತವಾದ ಸಂಧಿ. ಕಾಸರಗೋಡಿನ ಮಂಜೇಶ್ವರ ಗೋವಿಂದ ಪೈಯವರು 1930ರಲ್ಲಿ ತಮ್ಮ ಕವನಸಂಕಲನಕ್ಕೆ ಇಟ್ಟ ಹೆಸರು ಇದು. ಮಂಜೇಶ್ವರದಲ್ಲಿ ಅವರ ಸ್ಮಾರಕಕ್ಕೂ ಇದೇ ಹೆಸರಿದೆ. ಹೊಸಗನ್ನಡದ ಪಟ್ಟಿಗಳು ‘ಗಿಳಿಗಳ ಹಿಂಡು’ ಎಂದು ಬಿಡಿಸಿ ಬರೆಯುವಲ್ಲಿ ಹಳೆಯ ಸಮಾಸ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿತ್ತು. ಮಲೆನಾಡಿನ ‘ಬಿದಿರ ಹಿಂಡಿಲು’ ಎಂಬಲ್ಲಿ ಗಿಡಗಳಿಗೂ ಇದರ ಹತ್ತಿರದ ರೂಪವೇ ಬಂದಿದೆ. ಬಯಲುಸೀಮೆಯಲ್ಲಿ ಅದು ಬಿದಿರ ‘ಮೆಳೆ’.

‘ಮಂದೆ’ ಹಿಂಡಿನ ಪರ್ಯಾಯವಲ್ಲ. ಹಿಂಡು ಸಾಗುತ್ತಿರಬಹುದು, ಮಂದೆ ನಿಲ್ಲುತ್ತದೆ. ಹೊಲದಲ್ಲಿ ರಾತ್ರಿ ಕುರಿಗಳನ್ನು ತಂಗಿಸಿ ಗೊಬ್ಬರ ಪಡೆಯುವುದಕ್ಕೆ ಮಂದೆ ನಿಲ್ಲಿಸುವುದು ಎನ್ನುತ್ತಾರೆ. ತಮಿಳಿನ ಮಂದೈ, ತೆಲುಗಿನ ಮಂದ, ಕೊಡಗಿನಲ್ಲಿ ಊರವರು ಹಬ್ಬಕ್ಕೆ ನೆರೆಯುವ ಬಯಲಾದ ಮಂದ್, ನೀಲಗಿರಿಯ ತೊದವರ ವಸತಿಯ ಹೆಸರು ಇವೆಲ್ಲವನ್ನು ಒಟ್ಟಿಗೆ ಇಟ್ಟು ನೋಡಿದರೆ, ಗುಂಪು ಮತ್ತು ಗುಂಪು ಸೇರುವ ನೆಲ ಎರಡನ್ನೂ ದ್ರಾವಿಡ ಭಾಷೆಗಳು ಒಂದೇ ಪದದಿಂದ ಕರೆದಂತೆ ಕಾಣುತ್ತದೆ.

ಗುಂಪಿನ ಹೆಸರು ನೆಲದ ಹೆಸರಾಗುವ ಈ ಪ್ರವೃತ್ತಿಗೆ ಬೆಂಗಳೂರೇ ದೊಡ್ಡ ನಿದರ್ಶನ. ದಂಡು ಎಂದರೆ ಸೈನ್ಯ. 1809ರಲ್ಲಿ ಬ್ರಿಟಿಷರ ಸೇನಾನೆಲೆ ಇಲ್ಲಿ ಸ್ಥಾಪನೆಯಾದ ಮೇಲೆ ಅವರು ಬೀಡುಬಿಟ್ಟ ಪ್ರದೇಶವೇ ‘ದಂಡು’ ಎನಿಸಿತು; ಹಳೆಯ ಊರು ‘ಪೇಟೆ’ಯಾಗಿಯೇ ಉಳಿಯಿತು. ರೈಲ್ವೆ ನಿಲ್ದಾಣಕ್ಕೂ ‘ಬೆಂಗಳೂರು ದಂಡು’ ಎಂಬ ಹೆಸರೇ ನಿಂತಿತು. ಅದಕ್ಕಿಂತ ಹಳೆಯದು ‘ಪಾಳ್ಯ’. ಪಾಳೆಯ ಎಂದರೆ ದಂಡಿನ ಬೀಡು. ಯಲಹಂಕ ನಾಡಪ್ರಭುಗಳ ಸೀಮೆಯಲ್ಲಿ ಪಾಳ್ಯವೆಂದು ಕೊನೆಗೊಳ್ಳುವ ಊರುಗಳಿಗೆ ಕೊರತೆಯಿಲ್ಲ. ಸಿಂಗಾಪುರದ ನೆರೆಯಲ್ಲಿಯೇ ಒಂದಿದೆ. ಎಲ್ಲ ಪಾಳ್ಯಗಳಲ್ಲೂ ಸೈನ್ಯ ಇಳಿದಿತ್ತೆಂದಲ್ಲ. ಪದ ಕ್ರಮೇಣ ಸಣ್ಣ ವಸತಿಗೆ ಸಾಮಾನ್ಯ ನಾಮವಾಯಿತು.

ಹೀಗೆ ಕೆಲಸಕ್ಕೆ ಅಂಟಿಕೊಂಡ ಪದಗಳಿಗೆ ಒಂದು ಅಪಾಯ ಸಹಜವಾಗಿಯೇ ಇದೆ. ಕೆಲಸ ನಿಂತರೆ ಪದ ನಿಲ್ಲುತ್ತದೆ. ರೋಣಗಲ್ಲು ಮೂಲೆ ಸೇರಿದ ಬಳಿಕ ಈ ಸೀಮೆಯ ರೈತರು ರಾಗಿಯನ್ನು ಡಾಂಬರು ರಸ್ತೆಯ ಮೇಲೆ ಹರಡಿ ವಾಹನಗಳ ಗಾಲಿಯಿಂದ ಒಕ್ಕಣೆ ಮಾಡಿಸಿಕೊಂಡರು. ಆಗಲೂ ಸಿವುಡು, ಮೆದೆಗಳು ಉಳಿದಿದ್ದವು. ಕೊಯ್ದು ಒಕ್ಕಿ ಕಾಳನ್ನು ನೇರವಾಗಿ ಚೀಲಕ್ಕೆ ಸುರಿಯುವ ಯಂತ್ರ ಬಂದಲ್ಲಿ ಅರಿ, ಸಿವುಡು, ಮೆದೆ ಎಂಬ ಮೂರು ಅವಸ್ಥೆಗಳು ಒಮ್ಮೆಗೇ ಇಲ್ಲವಾದವು. ಹೆಬ್ಬಾಳದ ಆಚೆಗಿನ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿ ರಾಗಿಯ ಸಂಶೋಧನೆ ಮುಂದುವರಿದಿದೆ, ಹೊಸ ತಳಿಗಳು ಬಂದಿವೆ. ಬೆಳೆ ಉಳಿದರೂ ಬೆಳೆಯ ಪದಗಳು ಉಳಿಯಬೇಕೆಂದಿಲ್ಲ. ನಗರದ ಮಕ್ಕಳಿಗೆ ‘ಬಣವೆ’ ಪರಿಚಯವಾಗುವುದು ಇಂದು ಇಂಗ್ಲಿಷಿನಿಂದ ಬಂದ ಸೂಜಿ ಹುಡುಕುವ ನುಡಿಗಟ್ಟಿನ ಮೂಲಕ ಎಂಬುದು ವಿನೋದವೂ ಹೌದು, ವಿಷಾದವೂ ಹೌದು.

ಹೊಸ ಪದಗಳು ಬಂದ ಬಗೆಯನ್ನೂ ನೋಡಬೇಕು. ಸಿಂಗಾಪುರದ ಸುತ್ತ ಮನೆ ಕಟ್ಟುವವರ ಬಾಯಲ್ಲಿ ಮರಳು, ಜಲ್ಲಿ, ಇಟ್ಟಿಗೆಗಳು ‘ಲೋಡು’ಗಳಲ್ಲಿ ಬರುತ್ತವೆ. ತರಕಾರಿ ‘ಬಾಕ್ಸ್’ನಲ್ಲಿ, ಕಾಗದ ‘ಬಂಡಲ್’ನಲ್ಲಿ, ವಿದ್ಯಾರ್ಥಿಗಳು ‘ಬ್ಯಾಚ್’ಗಳಲ್ಲಿ ಬರುತ್ತಾರೆ. ‘ಎರಡು ಲೋಡು ಮರಳು’ ಎಂಬ ಪ್ರಯೋಗದಲ್ಲಿ ಪದ ಪರಕೀಯ, ರಚನೆ ಅಪ್ಪಟ ಕನ್ನಡ. ಅದು ಕುಳಿತದ್ದು ‘ಹೇರು’ ಖಾಲಿ ಮಾಡಿದ ಜಾಗದಲ್ಲಿ. ಮೈಲಿಗೆಯೆಂದು ಇವನ್ನು ದೂರವಿಡುವುದರಿಂದ ಪ್ರಯೋಜನವಿಲ್ಲ. ಭಾಷೆಯ ಚೌಕಟ್ಟು ಇನ್ನೂ ಜೀವಂತವಾಗಿದೆ ಎಂಬುದಕ್ಕೆ ಇವೇ ಸಾಕ್ಷಿ.

ಚಿಂತಿಸಬೇಕಾದದ್ದು ವಿದ್ವತ್ತಿನ ಭಾಷೆಯ ಬಗ್ಗೆ. ಸಾಮಾನ್ಯ ನಿಘಂಟುಗಳಲ್ಲಿ ಮೆದೆ, ಬಣವೆ, ಕುಪ್ಪೆ, ಒಟ್ಟಿಲು ಇವೆಲ್ಲಕ್ಕೂ ‘ರಾಶಿ, ಗುಡ್ಡೆ, ಸಮೂಹ’ ಎಂಬ ಒಂದೇ ಅರ್ಥವಿವರಣೆ ಸುತ್ತಿಸುತ್ತಿ ಬರುತ್ತದೆ. 1894ರ ಕಿಟ್ಟೆಲ್ ಕೋಶವೂ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟೂ ಪದಗಳನ್ನು ಕಾಪಾಡಿಕೊಟ್ಟಿವೆ. ಆದರೆ ಯಾವ ಕೆಲಸದ ಯಾವ ಹಂತದಲ್ಲಿ ಯಾವ ಪದ ಎಂಬುದನ್ನು ಹೇಳುವುದು ವೃತ್ತಿಪದಕೋಶದ ಹೊಣೆ. ನೆರೆಯ ಆಂಧ್ರದಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರು 1962ರಲ್ಲಿಯೇ ವ್ಯವಸಾಯದ ಮಾಂಡಲಿಕ ಪದಕೋಶವನ್ನು ಹೊರತಂದು ದಾರಿ ತೋರಿಸಿದರು. ಕನ್ನಡದಲ್ಲಿಯೂ ಈ ದಿಕ್ಕಿನ ಕೆಲಸ ನಡೆದಿದೆಯಾದರೂ ನಗರವು ನುಂಗಿದ ಹಳ್ಳಿಗಳ ಮಟ್ಟಿಗೆ ಅದು ಸಾಲದು. ಹೊಲ ಉತ್ತವರ ಕೊನೆಯ ತಲೆಮಾರು ಇರುವಾಗಲೇ ಆಗಬೇಕಾದ ಕೆಲಸ ಅದು. ಇದರಿಂದ ಬರುವ ಲಾಭ ಹಳೆಯ ನೆನಪಿಗಷ್ಟೇ ಸೀಮಿತವಲ್ಲ. ಗಣಕ ವಿಜ್ಞಾನದಲ್ಲಿ ‘ಸ್ಟ್ಯಾಕ್’ ಎಂಬ ದತ್ತರಚನೆಯಿದೆ: ಕೊನೆಗೆ ಇಟ್ಟದ್ದನ್ನು ಮೊದಲು ತೆಗೆಯಬೇಕು, ಮೇಲಿನದನ್ನು ಇಳಿಸದೆ ಕೆಳಗಿನದು ಸಿಗದು. ಮಡಕೆಯ ಅಡಕಲನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ‘ರಾಶಿ’ ಎಂದು ಅನುವಾದಿಸಿದರೆ ಆ ಗುಣವೇ ಹಾರಿಹೋಗುತ್ತದೆ.

ಕಣದ ಪದಗಳು ಹೀಗೆ ಕ್ಷೀಣಿಸುತ್ತಿರುವಾಗ ಕಡತದಲ್ಲಿ ಸೇರಿದ ಒಂದು ಪದ ಮಾತ್ರ ಬೇರೆ ಬಗೆಯಲ್ಲಿ ಬಾಳುತ್ತಿದೆ. ಹಳೆಯ ಮೈಸೂರಿನ ಹಳ್ಳಿಗಳಲ್ಲಿ ಊರಿಗೆ ಸೇರಿದ ಮಾವು, ಹುಣಸೆ, ಹೊಂಗೆ, ನೇರಳೆ ಮರಗಳ ಗುಂಪಿಗೆ ‘ಗುಂಡುತೋಪು’ ಎನ್ನುತ್ತಾರೆ. ದಾರಿಹೋಕರ ನೆರಳು, ದನಗಳ ಮಧ್ಯಾಹ್ನದ ತಂಗು, ಜಾತ್ರೆಗೆ ಬಂದ ಗಾಡಿಗಳ ಬಿಡಾರ ಎಲ್ಲವೂ ಅಲ್ಲಿಯೇ. ಮೋಜಣಿಯವರು ನಕ್ಷೆ ಬರೆಯುವಾಗ ಈ ಪದವನ್ನು ಹಾಗೆಯೇ ದಾಖಲೆಗೆ ಇಳಿಸಿದರು. ಪಹಣಿಯಲ್ಲಿ ಗುಂಡುತೋಪು ಎಂದು ನಮೂದಾದ ನೆಲ ಸಾರ್ವಜನಿಕವಾದುದು, ಖಾಸಗಿಯವರಿಗೆ ಸೇರತಕ್ಕದ್ದಲ್ಲ. ಬೆಂಗಳೂರಿನ ಉತ್ತರದ ಅನೇಕ ಗ್ರಾಮಗಳ ಗುಂಡುತೋಪುಗಳಲ್ಲಿ ಇಂದು ಮರಗಳಿಲ್ಲ. ಕೆಲವೆಡೆ ಕಟ್ಟಡಗಳಿವೆ, ಕೆಲವೆಡೆ ಬೇಲಿಯಿದೆ. ಒತ್ತುವರಿಯ ವಿಚಾರಣೆ ನಡೆಯುವಾಗ ತಹಶೀಲ್ದಾರರ ಮುಂದೆ ತೆರೆದುಕೊಳ್ಳುವುದು ಮರಗಳ ಸಂಖ್ಯೆಯಲ್ಲ, ಸರ್ವೆ ನಂಬರಿನ ಎದುರಿಗೆ ಬರೆದಿರುವ ಈ ನಾಲ್ಕಕ್ಷರದ ಪದ.